ಹಕ್ಕಿಯ ಕೊರಳೂ ಕರ್ತೃವಿಚಾರವೂ

ಹಕ್ಕಿಯ ಹಾಡು ದೇವರ ಸ್ತುತಿಯೆಂಬ ಭಾವನೆ ಎಲ್ಲ ದೇಶಗಳ ಭಕ್ತರಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಕಂಡುಬರತಕ್ಕದ್ದು. ಇಟಲಿಯ ಅಸಿಸಿ ಪಟ್ಟಣದ ಸಂತ ಫ್ರಾನ್ಸಿಸನು ದಾರಿಯಲ್ಲಿ ನೆರೆದಿದ್ದ ಹಕ್ಕಿಗಳಿಗೆ ಉಪದೇಶಮಾಡಿ, ಗರಿಯನ್ನೂ ರೆಕ್ಕೆಯನ್ನೂ ಕೊಟ್ಟವನನ್ನು ಕೊಂಡಾಡಿರೆಂದು ಹೇಳಿದನೆಂಬ ಕಥೆಯನ್ನು ಕ್ರೈಸ್ತಲೋಕವು ಏಳೆಂಟು ಶತಮಾನಗಳಿಂದ ಪ್ರೀತಿಯಿಂದ ಕಾಪಾಡಿಕೊಂಡು ಬಂದಿದೆ. ನಮ್ಮ ಸುಪ್ರಭಾತಗಳಲ್ಲಿಯೂ ಮಲಗಿರುವ ದೇವರನ್ನು ಎಬ್ಬಿಸುವ ಕೈಂಕರ್ಯದಲ್ಲಿ ಹಕ್ಕಿಗಳಿಗೊಂದು ಪಾಲು ಸಂದಿದೆ. ಇದು ಕವಿಸಮಯವಷ್ಟೆ ಎಂದು ಬದಿಗಿರಿಸುವುದು ಸುಲಭ. ಆದರೆ ಸ್ತುತಿಯೆಂದೊಡನೆ ಸ್ತುತಿಸುವವನೊಬ್ಬನು ಬೇಕಾಗುತ್ತಾನೆ. ಬಿದಿರುಮೆಳೆಯಲ್ಲಿ ಗಾಳಿ ಹೊಕ್ಕು ಹೊರಟಾಗ ಆಗುವ ಸದ್ದು ಎಷ್ಟೇ ಇಂಪಾಗಿದ್ದರೂ ಅದನ್ನು ಬಿದಿರಿನ ಪ್ರಾರ್ಥನೆಯೆಂದು ಒಪ್ಪುವಷ್ಟು ಉದಾರಿಗಳು ಭಕ್ತರಲ್ಲಿಯೂ ವಿರಳ. ಹಕ್ಕಿಯ ಕೊರಳಿನಲ್ಲಿ ನಡೆಯುವುದೂ ಗಾಳಿ ಹೊಕ್ಕು ಹೊರಡುವ ವ್ಯಾಪಾರವೇ ಎಂಬುದನ್ನು ಭೌತವಿಜ್ಞಾನಿಗಳು ಕಳೆದ ಕೆಲವು ದಶಕಗಳಲ್ಲಿ ಅತಿ ಸೂಕ್ಷ್ಮವಾಗಿ ತೋರಿಸಿಕೊಟ್ಟಿರುವಾಗ, ಆ ವ್ಯಾಪಾರದ ಲೆಕ್ಕವೆಲ್ಲ ಮುಗಿದ ಮೇಲೆ ಹಾಡುವವನೆಂದು ಕರೆಯಲು ಅಲ್ಲಿ ಯಾರಾದರೂ ಉಳಿಯುವರೇ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ.

ಪ್ರಶ್ನೆ ಹಕ್ಕಿಯ ಮಟ್ಟಿಗೆ ನಿಲ್ಲುವುದೂ ಇಲ್ಲ. ಕಚೇರಿಯಲ್ಲಿ ಕುಳಿತು ತೋಡಿಯನ್ನು ವಿಸ್ತರಿಸುವ ವಿದ್ವಾಂಸರ ಕೊರಳಿನಲ್ಲಿಯೂ, ದೇವರ ಗೂಡಿನ ಮುಂದೆ ಸಹಸ್ರನಾಮ ಹೇಳುವ ಅಜ್ಜಿಯ ಕೊರಳಿನಲ್ಲಿಯೂ ಇರುವುದು ಗಾಳಿಯೇ, ಮಾಂಸದ ಮಡಿಕೆಯೇ, ನರವೇ. ಹಕ್ಕಿಯಲ್ಲಿ ಕರ್ತೃವಿಲ್ಲವೆಂದು ತೀರ್ಮಾನಿಸಿ ಮನುಷ್ಯನಲ್ಲಿ ಮಾತ್ರ ಅವನನ್ನು ಉಳಿಸಿಕೊಳ್ಳುವವರು ಆ ವಿನಾಯಿತಿಗೆ ಆಧಾರವೇನೆಂಬುದನ್ನು ಹೇಳಬೇಕು. ಹೇಳಿದವರನ್ನು ನಾನು ಕಂಡದ್ದು ಕಡಮೆ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಯಂತ್ರವನ್ನು ಕಂಡು ಬೆದರಿದವರಲ್ಲ. ಪಾಣಿನೀಯ ಶಿಕ್ಷೆಯೆಂದು ಪ್ರಸಿದ್ಧವಾದ ಚಿಕ್ಕ ಗ್ರಂಥವು ಧ್ವನಿಯ ಹುಟ್ಟನ್ನು ವಿವರಿಸುವ ಕ್ರಮ ಹೀಗಿದೆ: ಆತ್ಮವು ಬುದ್ಧಿಯೊಡನೆ ಕೂಡಿ ಹೇಳತಕ್ಕ ವಿಷಯವನ್ನು ನಿಶ್ಚಯಿಸಿಕೊಂಡು ಮನಸ್ಸನ್ನು ನಿಯೋಜಿಸುವುದು, ಮನಸ್ಸು ದೇಹದೊಳಗಿನ ಅಗ್ನಿಯನ್ನು ತಟ್ಟುವುದು, ಅಗ್ನಿ ವಾಯುವನ್ನು ಪ್ರೇರಿಸುವುದು, ವಾಯು ಎದೆಯಲ್ಲಿ ಸಂಚರಿಸಿ ಮಂದ್ರಸ್ವರವಾಗಿ ತೋರುವುದು. ಹದಿಮೂರನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನು ಇದೇ ಸರಪಳಿಯನ್ನು ಗಾನಕ್ಕೆ ಅನ್ವಯಿಸಿ, ಹೃದಯ ಕಂಠ ಶಿರಸ್ಸುಗಳನ್ನು ಮಂದ್ರ ಮಧ್ಯ ತಾರಗಳಿಗೆ ನೆಲೆಯಾಗಿ ಹೇಳಿದನು. ಸಪ್ತಸ್ವರಗಳನ್ನು ಪ್ರಾಣಿಗಳಿಗೆ ಹಂಚುವಾಗ ಷಡ್ಜವನ್ನು ನವಿಲಿಗೂ ಪಂಚಮವನ್ನು ಕೋಗಿಲೆಗೂ ಕೊಟ್ಟನು. ಸರಪಳಿಯ ತುದಿಯಲ್ಲಿ ಆತ್ಮವು ಕುಳಿತಿದೆ, ನಿಜ. ಆದರೆ ಆತ್ಮಕ್ಕೂ ಗಾಳಿಗೂ ನಡುವೆ ಆಗಲೇ ಕೊಂಡಿಗಳಿವೆ ಎಂಬುದನ್ನು ಗಮನಿಸಬೇಕು. ವಿಜ್ಞಾನವು ಆ ಕೊಂಡಿಗಳ ಸಂಖ್ಯೆಯನ್ನು ಬಹಳವಾಗಿ ಬೆಳೆಸಿತು. ಅಷ್ಟರಿಂದಲೇ ತುದಿಯಲ್ಲಿ ಕುಳಿತವರು ಎದ್ದು ಹೋದರೆಂದು ಹೇಳಬರುವುದಿಲ್ಲ, ಇನ್ನೂ ಅಲ್ಲಿಯೇ ಇರುವರೆಂದೂ ಹೇಳಬರುವುದಿಲ್ಲ. ಕೊಂಡಿಗಳನ್ನೇ ಒಂದೊಂದಾಗಿ ಹಿಡಿದು ನೋಡಬೇಕು.

ಮನುಷ್ಯನ ಧ್ವನಿಪೆಟ್ಟಿಗೆ ಗಂಟಲಿನ ಮೇಲ್ಭಾಗದಲ್ಲಿದೆ. ಹಕ್ಕಿಗೂ ಅಲ್ಲೊಂದು ಪೆಟ್ಟಿಗೆಯುಂಟು. ಆದರೆ ಹಾಡುವುದು ಅದರಿಂದಲ್ಲ. ಹಾಡು ಹುಟ್ಟುವ ಸ್ಥಾನವು ಶ್ವಾಸನಾಳದ ಬುಡದಲ್ಲಿ, ಅದು ಎರಡು ಕವಲಾಗಿ ಒಡೆದು ಶ್ವಾಸಕೋಶಗಳ ಕಡೆಗೆ ತಿರುಗುವಲ್ಲಿ, ಎದೆಯೊಳಗೆ ಅಡಗಿದೆ. ಅದಕ್ಕೆ ಸಿರಿಂಕ್ಸ್ ಎಂದು 1872ರಲ್ಲಿ ಹೆಸರಿಟ್ಟವರು, ಡಾರ್ವಿನ್ನರ ಪಕ್ಷ ವಹಿಸಿ ಪಾದ್ರಿಗಳೊಡನೆ ವಾದಿಸಿದ ಥಾಮಸ್ ಹಕ್ಸ್‌ಲಿ. ಹಾಡುಹಕ್ಕಿಗಳಲ್ಲಿ ಪ್ರತಿಯೊಂದು ಕವಲಿನ ಬಾಯಿಯಲ್ಲಿಯೂ ಎದುರುಬದುರಾಗಿ ಒಂದು ಜೊತೆ ಮೃದುವಾದ ತುಟಿಗಳಿವೆ; ದೇಹದಲ್ಲೆಲ್ಲ ಹಬ್ಬಿಕೊಂಡಿರುವ ಗಾಳಿಚೀಲಗಳನ್ನು ಸ್ನಾಯುಗಳು ಅದುಮಿದಾಗ ಉಸಿರು ಈ ತುಟಿಗಳ ನಡುವಣಿಂದ ಹೊರಡುತ್ತದೆ. ಕಂಪಿಸುವುದು ಕವಲುಗಳ ಒಳಗೋಡೆಯ ತೆಳುಪೊರೆಯೆಂದು ಪಂಡಿತರು ಬಹುಕಾಲ ನಂಬಿದ್ದರು. 1997ರಲ್ಲಿ ಫ್ರಾನ್ಸ್ ಗೊಲ್ಲರ್ ಮತ್ತು ಓಲೆ ಲಾರ್ಸೆನ್ ಎಂಬಿಬ್ಬರು ಅತಿ ಸಪುರವಾದ ದರ್ಶಕನಾಳವೊಂದನ್ನು ಹಕ್ಕಿಯ ಶ್ವಾಸನಾಳದೊಳಕ್ಕೆ ಇಳಿಸಿ ಕಣ್ಣಾರೆ ನೋಡಿ, ಕಂಪಿಸುವುದು ತುಟಿಗಳೇ ಎಂದೂ, ಪೊರೆಯನ್ನು ನಿಷ್ಕ್ರಿಯಗೊಳಿಸಿದರೂ ಹಕ್ಕಿ ಹಾಡಬಲ್ಲುದೆಂದೂ ತೋರಿಸಿದರು.

ಗಾಳಿ ಒಂದೇ ಸಮನೆ ತಳ್ಳುತ್ತಿರುವಾಗ ಆ ತುಟಿಗಳು ಬಾಗಿ ಒಂದು ಕಡೆ ನಿಂತುಬಿಡದೆ ಸೆಕೆಂಡಿಗೆ ನೂರಾರು, ಕೆಲವು ಹಕ್ಕಿಗಳಲ್ಲಿ ಸಾವಿರಾರು ಬಾರಿ ತೆರೆದು ಮುಚ್ಚುವುದೇಕೆ? ಸ್ವಾರಸ್ಯವೆಲ್ಲ ಇರುವುದು ಇಲ್ಲಿ. ತುಟಿಗಳು ಅಗಲುವಾಗ ಅವುಗಳ ಕೆಳಗಣ ಅಂಚು ಮೊದಲು ಸರಿಯುತ್ತದೆ, ಮೇಲಣ ಅಂಚು ಹಿಂದುಳಿಯುತ್ತದೆ. ನಡುವಣ ದಾರಿ ಮೇಲಕ್ಕೆ ಕಿರಿದಾಗಿರುವುದರಿಂದ ಅಲ್ಲಿ ಒತ್ತಡ ಹೆಚ್ಚಾಗಿರುತ್ತದೆ. ಮುಚ್ಚುವಾಗ ಕೆಳಗಣ ಅಂಚೇ ಮೊದಲು ಹತ್ತಿರವಾಗಿ, ದಾರಿ ಮೇಲಕ್ಕೆ ಅಗಲವಾಗುವುದರಿಂದ ಒತ್ತಡ ತಗ್ಗುತ್ತದೆ. ಹೀಗೆ ಹೊರಕ್ಕೆ ಹೋಗುವಾಗ ಬಲವಾದ ನೂಕೂ ಒಳಕ್ಕೆ ಬರುವಾಗ ದುರ್ಬಲವಾದ ತಡೆಯೂ ಒದಗಿ, ಉಯ್ಯಾಲೆಯು ಮುಂದಕ್ಕೆ ಹೊರಟ ಕ್ಷಣವನ್ನೇ ನೋಡಿ ತಾಯಿ ಮಗುವನ್ನು ನೂಕುವಂತೆ, ಪ್ರತಿಯೊಂದು ಸುತ್ತಿನಲ್ಲಿಯೂ ಗಾಳಿಯು ತುಟಿಗಳಿಗೆ ಒಂದಿಷ್ಟು ಶಕ್ತಿಯನ್ನು ತುಂಬಿ, ಘರ್ಷಣೆಯಲ್ಲಿ ಸವೆದುಹೋದುದನ್ನು ಭರ್ತಿಮಾಡುತ್ತದೆ. ಆದರೆ ಆ ತಾಯಿಗೆ ಕಣ್ಣುಂಟು, ಗಾಳಿಗಿಲ್ಲ. ಸಮಯ ನೋಡಿ ನೂಕುವ ಕೆಲಸವನ್ನು ತುಟಿಯ ಆಕಾರವೇ ಮಾಡಿಕೊಳ್ಳುತ್ತದೆ. ಒತ್ತಡವು ಒಂದು ಮಿತಿಗಿಂತ ಕೆಳಗಿರುವವರೆಗೆ ಮೌನ, ಮಿತಿ ದಾಟಿದೊಡನೆ ನಾದ. ಸ್ನಾಯು ತುಟಿಯನ್ನು ಬಿಗಿದರೆ ಸ್ವರ ಏರುವುದು, ಸಡಿಲಿಸಿದರೆ ಇಳಿಯುವುದು.

ಕಣಾದನ ವೈಶೇಷಿಕದರ್ಶನವು ಶಬ್ದಕ್ಕೆ ಮೂರು ಕಾರಣಗಳನ್ನು ಹೇಳುತ್ತದೆ: ಎರಡು ವಸ್ತುಗಳ ಸಂಯೋಗ, ಎರಡರ ವಿಭಾಗ, ಹಿಂದಿನ ಶಬ್ದ. ಭೇರಿಗೆ ಕೋಲು ತಗಲುವುದು ಸಂಯೋಗಕ್ಕೂ, ಬಿದಿರು ಸೀಳುವುದು ವಿಭಾಗಕ್ಕೂ ಭಾಷ್ಯಕಾರರು ಕೊಟ್ಟ ನಿದರ್ಶನಗಳು. ಹಕ್ಕಿಯ ತುಟಿಗಳಲ್ಲಿ ಸಂಯೋಗವಿಭಾಗಗಳೆರಡೂ ಎಡೆಬಿಡದೆ ಒಂದರ ಹಿಂದೊಂದು ನಡೆಯುತ್ತಿರುವುದನ್ನು ಕಂಡೊಡನೆ, ನಮ್ಮವರಿಗೆ ಇದೆಲ್ಲ ಮೊದಲೇ ತಿಳಿದಿತ್ತೆಂದು ಅದೇ ಭೇರಿಯನ್ನು ಬಾರಿಸಹೊರಡುವ ಸಜ್ಜನರುಂಟು. ನಾನು ಅವರ ಮೆರವಣಿಗೆಯಲ್ಲಿ ಸೇರಲಾರೆ. ಕಣಾದನು ಹಕ್ಕಿಯ ಎದೆಯನ್ನು ತೆರೆದು ನೋಡಿದವನಲ್ಲ. ಶಬ್ದವು ಆಕಾಶದ ಗುಣವೆಂಬ ಆ ದರ್ಶನದ ಮತವನ್ನು, ಗಾಳಿ ತೆಗೆದ ಗಾಜಿನ ಪಾತ್ರೆಯೊಳಗೆ ದನಿಗುಂದುವ ಗಂಟೆಯೇ ನಿರಾಕರಿಸುತ್ತದೆ. ನನಗೆ ಮುಖ್ಯವೆಂದು ತೋರುವುದು ಬೇರೊಂದು ಅಂಶ. ಮುಂದೆ ಉದಯನಾಚಾರ್ಯರಂಥ ಮಹಾತಾರ್ಕಿಕರ ಕೈಯಲ್ಲಿ, ಕಾರ್ಯವಿದ್ದರೆ ಕರ್ತೃ ಇರಲೇಬೇಕೆಂದು ವಾದಿಸಿ ಈಶ್ವರನನ್ನೇ ಅನುಮಾನದಿಂದ ಸಾಧಿಸಿದ ಪರಂಪರೆಯಿದು. ಆದರೂ ಶಬ್ದದ ಕಾರಣಗಳನ್ನು ಎಣಿಸಿದ ಜಾಗದಲ್ಲಿ ಅದು ಕರ್ತೃವಿನ ಹೆಸರೆತ್ತದೆ ಸಂಯೋಗವಿಭಾಗಗಳಲ್ಲಿಯೇ ನಿಂತಿತು.

ಬೇಸಗೆಯ ಮುಂಜಾವಿನಲ್ಲಿ ತಂತಿಯ ಮೇಲೋ ಒಣಕೊಂಬೆಯ ತುದಿಯಲ್ಲೋ ಕುಳಿತು ಹಾಡುವ ಗಂಡು ಮಡಿವಾಳ ಹಕ್ಕಿಯನ್ನು ಹತ್ತಿರದಿಂದ ನೋಡಿದವರು ಅದರ ಕೊರಳಿನ ಗರಿಗಳು ಉಬ್ಬಿ ತಗ್ಗುವುದನ್ನೂ, ಬಿಳಿಯಂಚಿನ ಬಾಲ ಮೇಲಕ್ಕೆ ಚಿಮ್ಮುವುದನ್ನೂ, ಕೊಕ್ಕು ಸ್ವರಸ್ವರಕ್ಕೂ ಹಿಗ್ಗಿ ಕುಗ್ಗುವುದನ್ನೂ ಗಮನಿಸಿಯೇ ಇರುವರು. ಕೊಕ್ಕಿನ ಆಟವನ್ನು ಗಾಯಕರ ಅಂಗಚೇಷ್ಟೆಯ ಜಾತಿಗೆ ಸೇರಿಸುವುದು ಅನ್ಯಾಯವಾದೀತು; ಏರುಸ್ವರಕ್ಕೆ ಕೊಕ್ಕು ಅಗಲಿಸುವುದೂ ಇಳಿಸ್ವರಕ್ಕೆ ಕಿರಿದುಮಾಡುವುದೂ ಅನೇಕ ಹಾಡುಹಕ್ಕಿಗಳಲ್ಲಿ ಅಳತೆಯಿಂದ ಸಿದ್ಧವಾದ ಸಂಗತಿ. ತುಟಿಗಳಲ್ಲಿ ಹುಟ್ಟಿದ ಮೂಲಸ್ವರದ ಜೊತೆಗೆ ಹುಟ್ಟುವ ಉಪಸ್ವರಗಳನ್ನು ಗಂಟಲಿನ ಪೊಳ್ಳೂ ಕೊಕ್ಕೂ ಸೇರಿ ಅಡಗಿಸಿ ಸ್ವರವನ್ನು ಶುದ್ಧಗೊಳಿಸುತ್ತವೆ. 1987ರಲ್ಲಿ ಸ್ಟೀಫನ್ ನೊವಿಕಿ ಎಂಬ ಅಮೆರಿಕದ ವಿಜ್ಞಾನಿ ಹಕ್ಕಿಗಳನ್ನು ಹೀಲಿಯಂ ಬೆರೆಸಿದ ವಾಯುವಿನಲ್ಲಿ ಹಾಡಗೊಟ್ಟಾಗ, ಮೂಲಸ್ವರ ಇದ್ದಲ್ಲಿಯೇ ಇದ್ದು, ಅಡಗಿದ್ದ ಉಪಸ್ವರಗಳು ಮೇಲೆದ್ದು ಬಂದುವು. ಹಾಡು ಬರಿಯ ಸಿಳ್ಳಾಗಿದ್ದಿದ್ದರೆ, ಹಗುರವಾದ ವಾಯುವಿನಲ್ಲಿ ಶಬ್ದದ ವೇಗ ಹೆಚ್ಚಿದಂತೆ ಮೂಲಸ್ವರವೂ ಮೇಲೇರಬೇಕಾಗಿತ್ತು. ಕಾರ್ಡಿನಲ್ ಎಂಬ ಕೆಂಪು ಹಕ್ಕಿ ಹಾಡುತ್ತಿರುವಾಗ ಎಕ್ಸ್-ರೇ ಚಿತ್ರ ತೆಗೆದವರು 2006ರಲ್ಲಿ ಕಂಡದ್ದು ಇನ್ನೂ ಸೊಗಸಾದುದು: ಸ್ವರ ಇಳಿದಂತೆಲ್ಲ ಅದರ ಗಂಟಲಿನ ಪೊಳ್ಳು ಹಿಗ್ಗಿ, ಏರಿದಂತೆಲ್ಲ ಕುಗ್ಗಿ, ತನ್ನ ಅನುರಣನವನ್ನು ಕ್ಷಣಕ್ಷಣಕ್ಕೂ ಮೂಲಸ್ವರಕ್ಕೆ ಸರಿಯಾಗಿ ಶ್ರುತಿಗೂಡಿಸಿಕೊಳ್ಳುತ್ತಿತ್ತು.

ಕವಲುಗಳು ಎರಡಾದುದರಿಂದ ಕೊರಳೂ ಎರಡೇ. ಫರ್ನಾಂಡೊ ನಾಟೆಬೋಮ್ ಅವರು ಚಾಫಿಂಚ್ ಹಕ್ಕಿಯ ಎಡಗಡೆಯ ನರವನ್ನು ಕತ್ತರಿಸಿದಾಗ ಹಾಡಿನ ಬಹುಭಾಗ ನಷ್ಟವಾಯಿತು, ಬಲಗಡೆಯದನ್ನು ಕತ್ತರಿಸಿದಾಗ ಹೆಚ್ಚೇನೂ ಹೋಗಲಿಲ್ಲ. ಕಾರ್ಡಿನಲ್ ಹಕ್ಕಿಯ ಒಂದೇ ಸ್ವರದ ಉದ್ದವಾದ ಜಾರು ಕೆಳಗೆ ಎಡಕವಲಿನಲ್ಲಿಯೂ ಮೇಲೆ ಬಲಕವಲಿನಲ್ಲಿಯೂ ನುಡಿಯತಕ್ಕದ್ದೆಂದು ರಾಡ್ರಿಕ್ ಸದರ್ಸ್ ತೋರಿಸಿದರು. ಕೇಳುವವರ ಕಿವಿಗೆ ಬೆಸುಗೆಯ ಗುರುತೇ ತಿಳಿಯುವುದಿಲ್ಲ. ಬ್ರೌನ್ ಥ್ರಾಷರ್ ಎಂಬುದು ಎರಡು ಕವಲುಗಳಲ್ಲಿ ಏಕಕಾಲಕ್ಕೆ ಬೇರೆಬೇರೆ ಸ್ವರಗಳನ್ನು ನುಡಿಯಬಲ್ಲುದು. ಕೆನರಿಯು ಸೆಕೆಂಡಿಗೆ ಮೂವತ್ತರ ವೇಗದವರೆಗೂ ತುಣುಕು ತುಣುಕಾಗಿ ಹಾಡುವಾಗ ಎರಡು ತುಣುಕುಗಳ ನಡುವೆ ಚಿಕ್ಕ ಉಸಿರೊಂದನ್ನು ಎಳೆದುಕೊಳ್ಳುತ್ತದೆ. ಸ್ಟಾರ್ಲಿಂಗ್ ಹಕ್ಕಿಯ ಸಿರಿಂಕ್ಸಿನ ಸ್ನಾಯುಗಳು ಸೆಕೆಂಡಿಗೆ 250 ಬಾರಿಯವರೆಗೂ ಸಂಕೋಚಿಸಿ ಕೆಲಸಮಾಡಬಲ್ಲುವು. ಹಾಡುವವನೊಬ್ಬನನ್ನು ಕೊರಳಿನಲ್ಲಿ ಹುಡುಕಹೊರಟವರಿಗೆ ಬಾಗಿಲಲ್ಲಿಯೇ ಇಬ್ಬರು ಎದುರಾದರು.

ಈ ಎಲ್ಲ ಸಂಕೀರ್ಣತೆಯನ್ನು ಬ್ವೆನಸ್ ಐರಿಸ್ ನಗರದ ಗೇಬ್ರಿಯಲ್ ಮಿಂಡ್ಲಿನ್ ಎಂಬ ಭೌತವಿಜ್ಞಾನಿ ಮತ್ತವರ ಸಂಗಡಿಗರು ಬಹು ಸರಳವಾದ ಸಮೀಕರಣಗಳಿಗೆ ಇಳಿಸಿದರು. ತುಟಿಯೊಂದು ದ್ರವ್ಯರಾಶಿ, ಅದನ್ನು ಮೂಲಸ್ಥಾನಕ್ಕೆ ಸೆಳೆಯುವ ಬಿಗಿತವೊಂದು, ಗಾಳಿಯ ನೂಕೊಂದು, ಶಕ್ತಿಯನ್ನು ಸವೆಯಿಸುವ ಘರ್ಷಣೆಯೊಂದು. ಇಷ್ಟನ್ನು ಬರೆದಿಟ್ಟ ಮೇಲೆ ಹಾಡಿನ ಉದ್ದಕ್ಕೂ ಬದಲಾಗತಕ್ಕವು ಎರಡೇ ಸಂಖ್ಯೆಗಳು: ಗಾಳಿಚೀಲದ ಒತ್ತಡ, ತುಟಿಯ ಬಿಗಿತ. ಎರಡೂ ಸಂಖ್ಯೆಗಳು ಏರಿಳಿಯುವ ಕ್ರಮವನ್ನು ಕೊಟ್ಟರೆ ಗಣಕಯಂತ್ರವು ಆಸ್ಟ್ರೇಲಿಯದ ಜೀಬ್ರಾ ಫಿಂಚ್ ಎಂಬ ಪುಟ್ಟ ಹಕ್ಕಿಯ ಹಾಡನ್ನು ಹಾಡುತ್ತದೆ. ಕೇಳುವ ಮನುಷ್ಯರು ಒಪ್ಪಿದರೆ ಸಾಲದು, ಹಕ್ಕಿಯೇ ಒಪ್ಪಬೇಕೆಂದು ಅವರು ಷಿಕಾಗೊ ವಿಶ್ವವಿದ್ಯಾಲಯದ ಡೇನಿಯಲ್ ಮಾರ್ಗೋಲಿಯಾಷ್ ಅವರೊಡನೆ ಕೂಡಿ ಇನ್ನೊಂದು ಪರೀಕ್ಷೆ ಮಾಡಿದರು. ನಿದ್ರಿಸುತ್ತಿರುವ ಜೀಬ್ರಾ ಫಿಂಚಿನ ಮಿದುಳಿನಲ್ಲಿ, ಅದರ ಸ್ವಂತ ಹಾಡನ್ನು ಕೇಳಿಸಿದಾಗ ಮಾತ್ರ ಚೆನ್ನಾಗಿ ಮಿಡಿಯುವ ಕೋಶಗಳುಂಟು. ಬೇರೊಂದು ಫಿಂಚಿನ ಹಾಡಿಗೂ, ತನ್ನದನ್ನೇ ಹಿಂದುಮುಂದಾಗಿ ನುಡಿಸಿದರೂ ಅವು ಓಗೊಡುವುದಿಲ್ಲ. 2013ರಲ್ಲಿ ಪ್ರಕಟವಾದಂತೆ, ಸಮೀಕರಣದಿಂದ ಹುಟ್ಟಿಸಿದ ಹಾಡಿಗೆ ಆ ಕೋಶಗಳು ಓಗೊಟ್ಟವು. ಯಾರೂ ಹಾಡದ ಹಾಡೊಂದನ್ನು ಹಕ್ಕಿಯ ಮಿದುಳು ತನ್ನದೆಂದು ಒಪ್ಪಿಕೊಂಡಿತು.

ಹಾಗಾದರೆ ಹಾಡುವವನು ಎರಡು ಸಂಖ್ಯೆಗಳೇ? ಈ ಆತುರದ ತೀರ್ಮಾನಕ್ಕೆ ಉತ್ತರ ಸುಲಭವಾದುದು. ಸಂಖ್ಯೆಗಳು ತಾವಾಗಿ ಏರಿಳಿಯುವುದಿಲ್ಲ. ಅವನ್ನು ಏರಿಳಿಸುವುದು ಸ್ನಾಯು, ಸ್ನಾಯುವನ್ನು ನರ, ನರವನ್ನು ಮಿದುಳಿನ ಒಂದು ಕೇಂದ್ರ, ಅದನ್ನು ಇನ್ನೊಂದು ಕೇಂದ್ರ. ಸಮೀಕರಣವು ಸಿರಿಂಕ್ಸಿನ ಲೆಕ್ಕವನ್ನು ಮುಗಿಸಿತೇ ಹೊರತು ಹಾಡಿನ ಲೆಕ್ಕವನ್ನಲ್ಲ. ಆದರೆ ಭಕ್ತನು ಈ ಉತ್ತರದಿಂದ ಬೇಗ ಸಂತೋಷಪಡಬಾರದು. ಅದೇಕೆಂದರೆ ಈ ಮೆಟ್ಟಿಲುಗಳನ್ನು ಎಷ್ಟು ಏರಿದರೂ, ಇಲ್ಲಿಯವರೆಗೆ ಕಂಡಂತೆ, ಸಿಂಹಾಸನವಿರುವ ಕೋಣೆಯೊಂದು ಸಿಕ್ಕಿಲ್ಲ. ಒಂದು ಕೇಂದ್ರವನ್ನು ಇನ್ನೊಂದು ತಟ್ಟುವುದಷ್ಟೆ ಕಾಣುತ್ತದೆ.

ಬ್ರಹ್ಮಸೂತ್ರದಲ್ಲಿ ಬಡಗಿಯ ದೃಷ್ಟಾಂತವೊಂದು ಬರುವುದುಂಟು. ಶಂಕರಾಚಾರ್ಯರು ಅದನ್ನು ವಿವರಿಸುತ್ತ, ಬಾಚಿಯೇ ಮೊದಲಾದ ಸಲಕರಣೆಗಳನ್ನು ಹಿಡಿದಿರುವವರೆಗೆ ಬಡಗಿ ಕರ್ತೃವಾಗಿ ದಣಿಯುವನೆಂದೂ, ಅವನ್ನು ಕೆಳಗಿಟ್ಟು ಮನೆಗೆ ಬಂದಾಗ ಸುಖವಾಗಿರುವನೆಂದೂ, ಹಾಗೆಯೇ ಆತ್ಮನಿಗೆ ಕರ್ತೃತ್ವವು ಇಂದ್ರಿಯಾದಿ ಉಪಾಧಿಗಳಿಂದ ಬಂದುದೇ ಹೊರತು ಸ್ವಭಾವವಲ್ಲವೆಂದೂ ಹೇಳುತ್ತಾರೆ. ಸಲಕರಣೆಗಳನ್ನು ಕೆಳಗಿಟ್ಟ ಸ್ಥಿತಿಗೆ ಗಾಢನಿದ್ರೆಯೇ ನಿದರ್ಶನ. ಈಗ ಫಿಂಚಿನ ನಿದ್ರೆಯನ್ನು ನೋಡಬೇಕು. 2000ದಲ್ಲಿ ಅಮೀಶ್ ದವೆ ಮತ್ತು ಮಾರ್ಗೋಲಿಯಾಷ್ ಇಬ್ಬರೂ ಕಂಡದ್ದೇನೆಂದರೆ, ಹಗಲು ಹಾಡುವಾಗ ಮಿದುಳಿನ ಕೋಶಗಳು ಯಾವ ಕ್ರಮದಲ್ಲಿ ಮಿಡಿಯುತ್ತಿದ್ದುವೋ ಅದೇ ಕ್ರಮವು ರಾತ್ರಿ ನಿದ್ರೆಯಲ್ಲಿ ತಾನಾಗಿ ಮರುಕಳಿಸುತ್ತದೆ. ಕೊಕ್ಕು ಮುಚ್ಚಿದೆ, ಕೊರಳು ಸುಮ್ಮನಿದೆ, ಹಾಡು ಮಾತ್ರ ಒಳಗೆ ಓಡುತ್ತಿದೆ. ಬಡಗಿ ಬಾಚಿಯನ್ನು ಕೆಳಗಿಟ್ಟು ಮಲಗಿದ ಮೇಲೂ ಕೆತ್ತನೆ ನಿಂತಿಲ್ಲ! ವೇದಾಂತಿಯು ಇದಕ್ಕೆ ಸಮಾಧಾನ ಹೇಳಬಲ್ಲನು: ಅದು ಸುಷುಪ್ತಿಯಲ್ಲ, ಸ್ವಪ್ನ, ಸ್ವಪ್ನದಲ್ಲಿ ಮನಸ್ಸೆಂಬ ಸಲಕರಣೆ ಇನ್ನೂ ಕೈಯಲ್ಲಿಯೇ ಇದೆ. ಸಮಾಧಾನ ಶಾಸ್ತ್ರಸಮ್ಮತವಾದುದೇ. ಆದರೆ ನನಗೆ ತೋರುವಂತೆ ಅದು ತಕ್ಕಷ್ಟು ದೊಡ್ಡ ಮಾತನ್ನೇ ಬಿಟ್ಟುಕೊಡುತ್ತದೆ. ಹಾಡುವೆನೆಂಬ ಸಂಕಲ್ಪವಿಲ್ಲದೆಯೂ ಹಾಡಿನ ಸಂಪೂರ್ಣ ಕ್ರಮವು ಒಳಗೆ ನಡೆಯಬಲ್ಲುದಾದರೆ, ಎಚ್ಚರದಲ್ಲಿ ಆ ಸಂಕಲ್ಪವು ಮಾಡುವ ಕೆಲಸವಾದರೂ ಎಷ್ಟು ಎಂದು ಕೇಳಬೇಕಾಗುವುದು. ಶಂಕರರು ಈ ಪ್ರಶ್ನೆಗೆ ಬೆದರುವವರಲ್ಲ, ಕರ್ತೃತ್ವವು ಆರೋಪಿತವೆಂಬುದೇ ಅವರ ಪಕ್ಷ. ಬೆದರತಕ್ಕವರು, ಪ್ರತಿಯೊಂದು ಕೊರಳಿನಲ್ಲಿಯೂ ಸ್ತುತಿಸುವವನೊಬ್ಬನನ್ನು ಕೂರಿಸಬೇಕೆನ್ನುವ ನಮ್ಮಂಥ ಸಾಧಾರಣ ಭಕ್ತರು.

ಗೀತೆಯ ಹದಿನೆಂಟನೆಯ ಅಧ್ಯಾಯವು ಕರ್ಮಕ್ಕೆ ಐದು ಕಾರಣಗಳನ್ನು ಹೇಳುವಾಗ ಅಧಿಷ್ಠಾನವಾದ ಶರೀರ, ಕರ್ತೃ, ನಾನಾ ಕರಣಗಳು, ನಾನಾ ಚೇಷ್ಟೆಗಳು, ಐದನೆಯದಾಗಿ ದೈವ, ಎಂದು ಎಣಿಸಿ, ತಾನೊಬ್ಬನೇ ಕರ್ತೃವೆಂದು ನೋಡುವವನು ನೋಡದವನೇ ಎನ್ನುತ್ತದೆ. ಕರ್ತೃವನ್ನು ಅದು ಪಟ್ಟಿಯಿಂದ ಹೊಡೆದುಹಾಕಲಿಲ್ಲ. ಐವರಲ್ಲಿ ಒಬ್ಬನನ್ನಾಗಿ ಕುಳ್ಳಿರಿಸಿತು. ಇದುವರೆಗೆ ಹೇಳಿದ ಭೌತಶಾಸ್ತ್ರವೆಲ್ಲ ಶರೀರ, ಕರಣ, ಚೇಷ್ಟೆಗಳಿಗೆ ಸಂಬಂಧಿಸಿದುದು. ದೈವದ ಸ್ಥಾನದಲ್ಲಿ ಹಕ್ಕಿಯ ಮಟ್ಟಿಗೆ ಏನಿದೆ ಎಂದು ಹುಡುಕಿದರೆ, ತಾನು ಆರಿಸಿಕೊಳ್ಳದ, ಆದರೆ ತನ್ನ ಹಾಡನ್ನೆಲ್ಲ ನಿರ್ಣಯಿಸಿದ ಒಂದು ಸಂಗತಿ ದೊರೆಯುತ್ತದೆ: ಎಳವೆಯಲ್ಲಿ ಅದರ ಕಿವಿಯ ಮೇಲೆ ಯಾರ ಹಾಡು ಬಿತ್ತು ಎಂಬುದು.

ಕೇಂಬ್ರಿಜ್ಜಿನ ವಿಲಿಯಂ ಥಾರ್ಪ್ ಎಂಬವರು, ಆಗ ತಾನೇ ಬಂದಿದ್ದ ಧ್ವನಿಚಿತ್ರಕ ಯಂತ್ರದಿಂದ ಚಾಫಿಂಚಿನ ಹಾಡನ್ನು ಕಾಗದದ ಮೇಲೆ ಮೂಡಿಸಿ, ಹಿರಿಯರ ಹಾಡನ್ನು ಕೇಳದಂತೆ ಬೇರೆಯಾಗಿ ಬೆಳೆಸಿದ ಮರಿಗಳು ಹಾಡಿನ ಮೋಟು ರೂಪವನ್ನಷ್ಟೆ ಹಾಡಬಲ್ಲುವೆಂದು 1958ರಲ್ಲಿ ವಿವರವಾಗಿ ಪ್ರಕಟಿಸಿದರು. ಥಾರ್ಪರು ಕ್ವೇಕರ್ ಪಂಥದ ಶ್ರದ್ಧಾವಂತರು, ದೇವತಾತತ್ತ್ವವನ್ನು ಕುರಿತ ಗಿಫರ್ಡ್ ಉಪನ್ಯಾಸಗಳನ್ನು ಕೊಟ್ಟವರು. ಹಕ್ಕಿಯ ಹಾಡನ್ನು ಯಂತ್ರದಿಂದ ಗೀಚಿಸಿಕೊಂಡುದರಿಂದ ಅವರ ಶ್ರದ್ಧೆಗೆ ಊನ ಬಂದಂತೆ ಕಾಣಲಿಲ್ಲ. ಅಮೆರಿಕದಲ್ಲಿ ಪೀಟರ್ ಮಾರ್ಲರ್, ಸಾನ್ ಫ್ರಾನ್ಸಿಸ್ಕೊ ಸುತ್ತಿನ ಬಿಳಿನೆತ್ತಿಯ ಗುಬ್ಬಿಗಳು ಊರೂರಿಗೆ ಬೇರೆಬೇರೆ ಧಾಟಿಯಲ್ಲಿ ಹಾಡುವುದನ್ನೂ, ಮರಿಗಳು ಎಳವೆಯ ಕೆಲವೇ ವಾರಗಳಲ್ಲಿ ಕೇಳಿದ ಧಾಟಿಯನ್ನು ಹಿಡಿದುಕೊಳ್ಳುವುದನ್ನೂ ತೋರಿಸಿದರು. ಅವರ ಶಿಷ್ಯ ಮಸಕಾಜು ಕೊನಿಷಿ 1965ರಲ್ಲಿ ತೋರಿಸಿದ್ದು ಎಲ್ಲಕ್ಕಿಂತ ತೀಕ್ಷ್ಣವಾದುದು: ಹಿರಿಯರ ಹಾಡನ್ನು ಕೇಳಿಯಾದ ಮೇಲೆ, ತಾನಿನ್ನೂ ಹಾಡತೊಡಗುವ ಮೊದಲೇ ಕಿವುಡಾದ ಹಕ್ಕಿಗೆ ಆ ಹಾಡು ಬರುವುದಿಲ್ಲ, ಕೇಳಿದ್ದು ನೆನಪಿನಲ್ಲಿದ್ದರೂ, ತನ್ನ ದನಿಯನ್ನು ತಾನು ಕೇಳಿ ಆ ನೆನಪಿನೊಡನೆ ತಾಳೆನೋಡದೆ ಹಾಡು ರೂಪುಗೊಳ್ಳದು. ಆದುದರಿಂದ ಹಾಡುವವನನ್ನು ಹುಡುಕುವಾಗ ಕೊರಳಿಗಿಂತ ಕಿವಿಯಲ್ಲಿ ಹುಡುಕುವುದು ಲೇಸು. ಪ್ರತಿಯೊಂದು ಸ್ವರದಲ್ಲಿಯೂ ಅದು ಹಾಡುವ ಹಕ್ಕಿಗಿಂತ ಮೊದಲು ಕೇಳುವ ಹಕ್ಕಿ.

ನಮ್ಮ ಕವಿಗಳ ಮುದ್ದಿನ ಕೋಗಿಲೆಯಾದರೋ ಈ ವರ್ಗಕ್ಕೆ ಸೇರಿದುದೇ ಅಲ್ಲ. ಕಾಗೆಯ ಗೂಡಿನಲ್ಲಿ ಮರಿಯಾಗಿ, ಕಾಗೆಯ ಕೂಗನ್ನೇ ಕೇಳುತ್ತ, ಕಾಗೆಯ ಕೊಕ್ಕಿನಿಂದ ತುತ್ತು ತಿಂದು ಬೆಳೆದರೂ, ಕಾಲ ಬಂದಾಗ ಗಂಡುಕೋಗಿಲೆ ಯಾರೂ ಕಲಿಸದ ಕುಹೂಕಾರವನ್ನೇ ಎತ್ತುತ್ತದೆ. ಅದು ಹುಟ್ಟಿನೊಡನೆ ಬಂದುದು, ಕಿವಿಯಿಂದ ಬಂದುದಲ್ಲ. ಪ್ರಾಣಿಶಾಸ್ತ್ರಜ್ಞರ ವಿಂಗಡಣೆಯಲ್ಲಿ ಹಾಡುಹಕ್ಕಿಗಳ ಗಣಕ್ಕೆ ಸೇರಿರುವುದು, ಸಂಕೀರ್ಣವಾದ ಸಿರಿಂಕ್ಸನ್ನು ಹೊತ್ತಿರುವುದು, ಕೇಳಿ ಕಲಿಯಬಲ್ಲುದು, ಕಾಗೆ! ಎರಡು ಸಾವಿರ ವರ್ಷಗಳ ಕಾವ್ಯನ್ಯಾಯವನ್ನು ಶರೀರಶಾಸ್ತ್ರವು ಹೀಗೆ ತಲೆಕೆಳಗು ಮಾಡಿದುದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಫ್ರಾನ್ಸಿಸನ ಸಭಿಕರಲ್ಲಿ ಪಾರಿವಾಳಗಳ ಜೊತೆಗೆ ಕಾಗೆಗಳೂ ಇದ್ದುವೆಂದು ಆ ಸಂತನ ಮೊದಲ ಚರಿತ್ರಕಾರನು ಬರೆದಿದ್ದಾನೆ. ಸ್ತುತಿಯು ಕಲಿತು ಮಾಡತಕ್ಕ ಕಾರ್ಯವೆನ್ನುವುದಾದರೆ ಉಪದೇಶವು ತಕ್ಕವರಿಗೇ ಸಂದಿತು.

ಕೋಗಿಲೆಯ ಹಾಡು ಹುಟ್ಟಿನಿಂದ, ಮಡಿವಾಳ ಹಕ್ಕಿ ಫಿಂಚುಗಳ ಹಾಡು ಗುರುವಿನಿಂದ ಎಂದು ಎರಡು ಪಾಲು ಮಾಡಿ ಸುಮ್ಮನಾಗಬಹುದಾಗಿತ್ತು. 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ಹಾಗೆ ಸುಮ್ಮನಾಗಗೊಡದು. ಓಲ್ಗಾ ಫೆಹೇರ್, ಪಾರ್ಥ ಮಿತ್ರ, ಓಫರ್ ಚೆರ್ನಿಕೋವ್‌ಸ್ಕಿ ಮೊದಲಾದವರು ಜೀಬ್ರಾ ಫಿಂಚಿನ ಗಂಡುಮರಿಯೊಂದನ್ನು ಯಾವ ಹಾಡೂ ಕಿವಿಗೆ ಬೀಳದಂತೆ ಬೆಳೆಸಿದರು. ಅದರ ಹಾಡು ನಿರೀಕ್ಷಿಸಿದಂತೆ ವಿಕಾರವಾಗಿತ್ತು; ತುಣುಕುಗಳು ಅತಿಯಾಗಿ ಎಳೆದವು, ಲಯ ಕೆಟ್ಟದ್ದು. ಅಂಥ ಹಕ್ಕಿಯನ್ನೇ ಗುರುವನ್ನಾಗಿ ಮಾಡಿ ಅದಕ್ಕೆ ಮರಿಗಳನ್ನು ಒಪ್ಪಿಸಿದರು. ಆ ಮರಿಗಳು ದೊಡ್ಡವಾದ ಮೇಲೆ ಅವುಗಳಿಗೆ ಬೇರೆ ಮರಿಗಳನ್ನು. ಮರಿಗಳು ಗುರುವನ್ನು ಅನುಕರಿಸಿದುವು, ಆದರೆ ನಿಷ್ಠೆಯಿಂದಲ್ಲ: ಅತಿಯಾಗಿ ಎಳೆದುದನ್ನು ಸ್ವಲ್ಪ ಮೊಟಕುಮಾಡಿದುವು, ಅವುಗಳ ಶಿಷ್ಯರು ಇನ್ನೂ ಸ್ವಲ್ಪ. ಮೂರು ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ, ಕಾಡಿನ ಫಿಂಚುಗಳ ಹಾಡನ್ನು ಎಂದೂ ಕೇಳದ ಆ ವಂಶದಲ್ಲಿ ಹಾಡು ಮತ್ತೆ ಬಹುಮಟ್ಟಿಗೆ ಕಾಡಿನ ಹಾಡಿನ ಧಾಟಿಗೆ ಬಂದು ನಿಂತಿತು.

ವೇದವು ಅಪೌರುಷೇಯವೆಂಬುದಕ್ಕೆ ಕುಮಾರಿಲಭಟ್ಟರು ಕೊಟ್ಟ ಯುಕ್ತಿಗಳಲ್ಲಿ ಒಂದು, ಎಲ್ಲ ಅಧ್ಯಯನವೂ ಗುರುವಿನ ಅಧ್ಯಯನವನ್ನು ಅನುಸರಿಸಿ ಬಂದುದು, ಆ ಗುರುವಿನದು ಅವನ ಗುರುವಿನದನ್ನು, ಹೀಗೆ ಹಿಂದೆ ಹೋದರೆ ರಚಿಸಿದವನೊಬ್ಬನು ಎಲ್ಲಿಯೂ ಸಿಕ್ಕುವುದಿಲ್ಲ ಎಂಬುದು. ಕಾಡಿನ ಫಿಂಚಿನ ಹಾಡಿಗೆ ಈ ಯುಕ್ತಿ ಚೆನ್ನಾಗಿಯೇ ಹೊಂದುವಂತೆ ಕಾಣುತ್ತದೆ. ಸರಪಳಿಯನ್ನು ಕತ್ತರಿಸಿದರೂ ಹಾಡು ಮರಳಿ ಬಂದುದನ್ನು ಕಂಡು ಮೀಮಾಂಸಕನು, ಶಬ್ದವು ನಿತ್ಯ, ಕೊರಳುಗಳು ಅದನ್ನು ವ್ಯಕ್ತಗೊಳಿಸತಕ್ಕವು ಮಾತ್ರ ಎಂದು ಗೆಲುವಿನ ನಗೆ ನಕ್ಕಾನು. ನೈಯಾಯಿಕನು ಬಿಡುವವನಲ್ಲ. ಮೊದಲ ಗುರುವಿನ ಹಾಡು ವಿಕಾರವಾಗಿತ್ತಲ್ಲವೆ, ನಿತ್ಯವಾದುದು ವಿಕಾರಗೊಂಡುದು ಹೇಗೆ, ನೇರಗೊಂಡುದಾದರೂ ಯಾರಿಂದ, ತಿದ್ದುವವನಿಲ್ಲದೆ ತಿದ್ದುಪಡಿಯುಂಟೆ ಎಂದು ಅವನು ಕೇಳುವನು. ಪ್ರಯೋಗದ ವಿವರ ಇವರಿಬ್ಬರಿಗೂ ಪೂರ್ತಿ ಒಲಿಯುವುದಿಲ್ಲ. ತಿದ್ದಿದವನನ್ನು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಎರಡನೆಯ ತಲೆಮಾರಿನ ಮರಿ ತನ್ನ ಗುರು ತಪ್ಪಿದನೆಂದು ತಿಳಿದಿರಲಿಲ್ಲ, ಅದು ಕಲಿಯಲು ಹೊರಟದ್ದೂ ಆ ತಪ್ಪನ್ನೇ. ತಿದ್ದುಪಡಿ ಆದುದು ಮಾತ್ರ ನಿಜ, ಅದರ ಪಾಲು ಪ್ರತಿಯೊಂದು ಕೊರಳಿಗೂ ಕಿವಿಗೂ ಸೇರಿದುದೂ ನಿಜ. ಆ ವಂಶದ ಹಾಡನ್ನು ಸ್ತುತಿಯೆಂದು ಕರೆಯಲು ನನಗೆ ಈಗ ಸಂಕೋಚವಿಲ್ಲ. ಸ್ತುತಿಸಿದವನ ಹೆಸರು ಕೇಳಿದರೆ, ಕೊನೆಯ ಮರಿಯನ್ನು ಮಾತ್ರ ತೋರಿಸಿ ಉಳಿದವರನ್ನು ಬಿಡಲು ನಾನು ಒಪ್ಪಲಾರೆ. ಎಳೆದೆಳೆದು ಹಾಡಿದ ಆ ಮೊದಲ ಒಂಟಿಹಕ್ಕಿಯನ್ನೂ ಸೇರಿಸಿಯೇ ಎಣಿಸಬೇಕಾಗುವುದು.